ಬದುವಿನ ಮೇಲೆ ಕೊಟ್ಟ ಮಾತು

ಭೀಮನಬೀಡಿನ ಮಲ್ಲಿಕಾರ್ಜುನಸ್ವಾಮಿಯವರು ವಿಧಾನಸಭೆಗೆ ಐದು ಸಲ ಆರಿಸಿ ಹೋದರು. ಐದು ಸಲ ಗೆದ್ದೂ ಮಂತ್ರಿಯಾಗದೆ ಉಳಿದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಅವರ ಹೆಂಡತಿ ಶಿವಲಕ್ಷ್ಮಿ, "ಮಂತ್ರಿ ಮಾಡೋ ದಿವ್ಸ ಇವ್ರು ಯಾರ್ದೋ ಹೊಲದಲ್ಲಿ ಕುಂತಿದ್ರು. ಮನೇಲಿ ಫೋನು ಬಡಕೊಂಡು ಬಡಕೊಂಡು ಸುಮ್ನಾಯ್ತು" ಎನ್ನುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಫೋನು ಬಂದೇ ಇರಲಿಲ್ಲ. ಅವರು ಹೊಲದಲ್ಲಿ ಕೂತಿದ್ದದ್ದು ಮಾತ್ರ ನಿಜ.

ಮೊದಲಿಗೆ ಅವರು ವಕೀಲರು. ಮೈಸೂರಿನಲ್ಲಿ ಕಾನೂನು ಓದಿ ಮುಗಿಸಿ, ಚಾಮರಾಜನಗರದಲ್ಲಿ ಚಿಕ್ಕಬಸವಯ್ಯ ಎಂಬ ಹಿರಿಯ ವಕೀಲರ ಕೈಕೆಳಗೆ ಸೇರಿದರು. ಆ ಕಚೇರಿ ಇದ್ದದ್ದು ಅರಿಶಿನದ ಮಂಡಿಗಳ ಬೀದಿಯಲ್ಲಿ. ಬೆಳಗ್ಗೆ ಬಿಳಿ ಅಂಗಿ ತೊಟ್ಟು ಬಂದವರು ಸಂಜೆಗೆ ತೆಳು ಹಳದಿ ಅಂಗಿಯಲ್ಲಿ ಮನೆಗೆ ಹೋಗುತ್ತಿದ್ದರು. ಗೂಟಕ್ಕೆ ಹಾಕಿದ ಕರಿಕೋಟನ್ನು ಒದರಿದರೆ ಸಾಕು, ಕಚೇರಿಯವರೆಲ್ಲ ಸೀನುತ್ತಿದ್ದರು. ಅಲ್ಲಿ ವಾದ ಮಾಡುವುದನ್ನು ಕಲಿತು, ಗುಂಡ್ಲುಪೇಟೆಯ ಕೋರ್ಟಿನಲ್ಲಿ ಹೆಸರು ಮಾಡಿದರು. ಹೆಸರು ಬಂದ ವಕೀಲನನ್ನು ನಮ್ಮ ಜನ ನೆಮ್ಮದಿಯಾಗಿ ಇರಲು ಬಿಡುತ್ತಾರೆಯೇ? ಎಪ್ಪತ್ತೆಂಟರ ಚುನಾವಣೆಗೆ ಹಿಡಿದು ನಿಲ್ಲಿಸಿದರು, ಗೆಲ್ಲಿಸಿಯೂ ಬಿಟ್ಟರು.

ಗೆದ್ದ ಮೇಲೂ ಕೋಟು ಬಿಡಬಾರದೆಂಬ ಆಸೆ ಅವರದು. ಹುಣಿಸೆಮರವೊಂದರ ವಿಚಾರಕ್ಕೆ ಕಿತ್ತಾಡುತ್ತಿದ್ದ ಎರಡು ಮನೆಗಳಲ್ಲಿ ಒಂದರ ವಕಾಲತ್ತು ಹಿಡಿದರು, ಚೆನ್ನಾಗಿ ವಾದಿಸಿದರು, ಗೆದ್ದರು. ಮರುವಾರ ಆ ಊರಿಗೆ ನೀರಿನ ತೊಂಬೆ ನೋಡಲು ಹೋದರೆ, ಸೋತ ಮನೆಯವರ ಬೀದಿಯಲ್ಲಿ ಒಂದೊಂದೇ ಬಾಗಿಲು ಮುಚ್ಚಿಕೊಂಡವು. ಒಂದು ಲೋಟ ನೀರು ಕೊಡುವವರೂ ಇರಲಿಲ್ಲ. ಹುಣಿಸೆಮರ ಯಾರಿಗೆ ಸೇರಿದ್ದೆಂದು ತೀರ್ಮಾನವಾಗಿತ್ತು, ಶಾಸಕ ಯಾರಿಗೆ ಸೇರಿದವನೆಂದೂ ತೀರ್ಮಾನವಾಗಿಬಿಟ್ಟಿತ್ತು.

ಬೇಜಾರಿನಲ್ಲಿ ಹಳೆಯ ಗುರುಗಳ ಬಳಿಗೆ ಹೋದರು. ಚಿಕ್ಕಬಸವಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕು, "ವಕೀಲನಿಗೆ ಒಬ್ಬ ಕಕ್ಷಿದಾರ ಸಾಕು ಕಣಯ್ಯ. ಎಮ್ಮೆಲ್ಲೆಗೆ ಎದುರು ಪಾರ್ಟಿಯವನೂ ಬೇಕು. ಎರಡು ಕೆಲಸ ಒಂದೇ ಕೋಟಿನಲ್ಲಿ ಆಗಲ್ಲ, ಒಂದನ್ನ ಬಿಚ್ಚಿಡು" ಎಂದರು. ಮಲ್ಲಿಕಾರ್ಜುನಸ್ವಾಮಿಯವರು ಕೋಟನ್ನು ಬಿಚ್ಚಿ ಬೀರುವಿನಲ್ಲಿ ಇಟ್ಟರು. ಶಿವಲಕ್ಷ್ಮಿ ಅದರ ಜೇಬಿಗೆ ನುಸಿಗುಳಿಗೆ ಹಾಕಿದರು.

ಆದರೆ ಎರಡು ಕಡೆಯ ವಾದ ಕೇಳುವ ಚಟವನ್ನು ಬೀರುವಿನಲ್ಲಿ ಇಡಲು ಆಗುತ್ತದೆಯೇ? ಕೆಲವೇ ದಿನಗಳಲ್ಲಿ ಅವರು ತಮ್ಮದೇ ಒಂದು ದಾರಿ ಕಂಡುಕೊಂಡರು. ಬೆಂಗಳೂರಿನಲ್ಲಿ ಅಧಿವೇಶನ ಇಲ್ಲದ ಶನಿವಾರಗಳಲ್ಲಿ, ಜಗಳ ಎಲ್ಲಿದೆಯೋ ಅಲ್ಲಿಗೇ ಹೋಗಿ, ಎರಡು ಹೊಲಗಳ ನಡುವಿನ ಬದುವಿನ ಮೇಲೆ ಕೊಡೆ ಬಿಚ್ಚಿ ಕೂರುವುದು. ಒಂದು ಕಡೆಯವರು ಎಡಕ್ಕೆ, ಇನ್ನೊಂದು ಕಡೆಯವರು ಬಲಕ್ಕೆ. ಅಲ್ಲಿ ಒಂದು ನಿಯಮವಿತ್ತು. ಒಬ್ಬ ಮಾತಾಡುವಾಗ ಇನ್ನೊಬ್ಬನ ಬಾಯಲ್ಲಿ ವೀಳ್ಯ ಇರಬೇಕು. ಅದೂ ಪುಡಿ ವೀಳ್ಯವಲ್ಲ, ಎರಡು ಎಲೆ, ದಪ್ಪ ಅಡಿಕೆ, ಕೆನ್ನೆ ಉಬ್ಬುವಷ್ಟು. ಆ ಬಾಯಲ್ಲಿ ಅಡ್ಡಮಾತು ಆಡುವುದು ಹೇಗೆ? ಅವನು ಅಗಿದು ಮುಗಿಸುವ ಹೊತ್ತಿಗೆ ಇವನ ಸಿಟ್ಟೂ ಅರ್ಧಕ್ಕೆ ಇಳಿದಿರುತ್ತಿತ್ತು. ಆಮೇಲೆ ವೀಳ್ಯ ಈ ಕಡೆಯವನ ಬಾಯಿಗೆ, ಮಾತು ಆ ಕಡೆಯವನ ಬಾಯಿಗೆ.

ತೀರ್ಮಾನವಾದ ಮೇಲೆ ಅಲ್ಲೇ ಗುಂಡಿ ತೋಡಿ ಗಡಿಕಲ್ಲು ನೆಡುವುದು. ಕಲ್ಲಿನ ಅಡಿಗೆ ಒಂದು ಬೊಗಸೆ ಇದ್ದಲು. ಮರ ಕೊಳೆಯುತ್ತದೆ, ಕಲ್ಲನ್ನು ಕಿತ್ತು ಸರಿಸಬಹುದು, ಮಣ್ಣಿನೊಳಗಿನ ಇದ್ದಲು ಮಾತ್ರ ಹಾಗೇ ಇರುತ್ತದೆ ಎಂದು ಹೀಗೆ ಹಾಕುವುದು ಆ ಸೀಮೆಯ ಹಳೆಯ ರೂಢಿ. ಅದಕ್ಕೆ ಇವರು ಒಂದು ಮಾತು ಸೇರಿಸಿದರು: ಬಿಟ್ಟುಕೊಟ್ಟವನ ಮನೆಯ ಒಲೆಯಿಂದಲೇ ಇದ್ದಲು ಬರಬೇಕು. ಕಾಗದ, ಸಹಿ, ಹೆಬ್ಬೆಟ್ಟು ಒಂದೂ ಇಲ್ಲ. "ಹೆಬ್ಬೆಟ್ಟು ಒತ್ತು ಅಂದ್ರೆ ನಮ್ ಜನ ಇನ್ನೊಂದ್ ವರ್ಷ ಯೋಚ್ನೆ ಮಾಡ್ತಾರೆ. ಇದ್ದಲು ತಾ ಅಂದ್ರೆ ಓಡೋಗಿ ತತ್ತಾರೆ" ಎಂದು ಅವರು ನಗುತ್ತಿದ್ದರು. ಕಾನೂನು ಓದಿದವರು ಆಡುವ ಮಾತೇ ಇದು? ಆದರೆ ಯಾರೂ ಕೇಳಲಿಲ್ಲ. ವರ್ಷಗಟ್ಟಲೆ ಒಂದು ಕಲ್ಲೂ ಅಲುಗಾಡಲಿಲ್ಲ.

ವಿಧಾನಸಭೆಯಲ್ಲಿ ಅವರದು ದೊಡ್ಡ ಗಂಟಲಲ್ಲ. ಆನೆ ತಡೆಯುವ ಕಂದಕ, ಬಸ್ಸು, ಹೊಲಕ್ಕೆ ಹೋಗುವ ದಾರಿ, ಇಷ್ಟೇ ಅವರ ಪ್ರಶ್ನೆಗಳು. ಜೊತೆಯ ಶಾಸಕರು ಅವರಿಗೆ 'ಬದುಸ್ವಾಮಿ' ಎಂದು ಹೆಸರಿಟ್ಟರು. ಸಿಟ್ಟಾಗಬೇಕಾದವರು ಸಿಟ್ಟಾಗಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರು, ಹೆಂಡತಿಯೂ ಹಾಗೇ ಕರೆಯತೊಡಗಿದರು. ತೊಂಬತ್ತೇಳರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾದಾಗ ಜನ ಹಾರ ತಂದರು. "ಇನ್ಮೇಲೆ ಪ್ರತಿಯೊಂದಕ್ಕೂ ಮೈಸೂರಿಗೆ ಓಡಬೇಕಾಗಿಲ್ಲ, ಅಷ್ಟೇ ಖುಷಿ" ಎಂದು ಹಾರವನ್ನು ಕಾರಿನ ಮೂತಿಗೆ ಹಾಕಿಸಿದರು. ಒಟ್ಟಿನಲ್ಲಿ ತೃಪ್ತಿಯ ಬದುಕು. ತಾನು ಕೊಟ್ಟ ಮಾತು ನೆಲದಲ್ಲಿ ನಿಂತಿದೆ ಎಂಬ ನಂಬಿಕೆಯ ಮೇಲೆ ನಿಂತ ತೃಪ್ತಿ.

ಆ ಮರುವರ್ಷ ಅರಿಶಿನ ಕೀಳುವ ಕಾಲಕ್ಕೆ ಹಂಗಳದ ದೊಡ್ಡಮಾದಮ್ಮ ಅವರ ಮನೆಯ ಜಗಲಿಗೆ ಬಂದು ಕೂತಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹೊಲ ನೋಡಿಕೊಂಡವಳು, ಸುಮ್ಮಸುಮ್ಮನೆ ಯಾರ ಮನೆಯ ಜಗಲಿಗೂ ಬರುವವಳಲ್ಲ.

"ನೀವು ಕೊಟ್ಟ ದಾರಿ ಮುಚ್ಚವ್ರೆ ಸ್ವಾಮಿ" ಎಂದಳು. "ಗಾಡಿ ಓಗಾಕಿಲ್ಲ. ಅರಿಶಿನ ಕಿತ್ತು ತಲೆ ಮೇಲೆ ವರಲಾ ನಾನು?"

"ಯಾರು ಮುಚ್ಚಿದ್ದು?"

"ಇನ್ಯಾರು, ನಿಮ್ಮ ಶಾಂತರಾಜುನೇ."

ಹಂಗಳದ ಕಡೆ ಮಲ್ಲಿಕಾರ್ಜುನಸ್ವಾಮಿಯವರ ಬಲಗೈ ಎಂದರೆ ಶಾಂತರಾಜು. ಬ್ಯಾನರು ಕಟ್ಟುವುದರಿಂದ ಹಿಡಿದು ಮುದುಕರನ್ನು ಮತಗಟ್ಟೆಗೆ ಕರೆತರುವವರೆಗೆ ಎಲ್ಲ ಅವನದೇ. ದೊಡ್ಡಮಾದಮ್ಮನ ಹೊಲ ಅವನ ಹೊಲದ ಹಿಂದೆ ಇತ್ತು, ರಸ್ತೆಗೆ ಬರಬೇಕಾದರೆ ಅವನ ಹೊಲದ ಅಂಚಿನಲ್ಲೇ ಬರಬೇಕು. ಮೊದಲ ಸಲ ಗೆದ್ದ ಮರುವರ್ಷ ಇವರೇ ಬದುವಿನ ಮೇಲೆ ಕೂತು, ಶಾಂತರಾಜುವಿನ ಅಪ್ಪನಿಂದ ದೊಡ್ಡಮಾದಮ್ಮನ ಗಂಡನಿಗೆ ಗಾಡಿದಾರಿ ಬಿಡಿಸಿಕೊಟ್ಟಿದ್ದರು. ಕಲ್ಲು ನೆಟ್ಟು, ಕೆಳಗೆ ಇದ್ದಲು ಹಾಕಿದ್ದೂ ಆಗಿತ್ತು. ಈಗ ಆ ಇಬ್ಬರು ಗಂಡಸರೂ ಇಲ್ಲ. ಶಾಂತರಾಜು ಹೊಲವನ್ನು ಕೇರಳದ ಕಡೆಯವರಿಗೆ ಶುಂಠಿಗೆಂದು ಗುತ್ತಿಗೆ ಕೊಟ್ಟಿದ್ದ. ಅವರಿಗೆ ನಡುವೆ ಗಾಡಿ ಓಡಾಡದ, ಸುತ್ತ ಬೇಲಿ ಇರುವ ನೆಲ ಬೇಕಿತ್ತು. ಕಲ್ಲು ಕಿತ್ತು ಬಿಸಾಕಿ, ದಾರಿಯನ್ನು ಉತ್ತು, ಬೇಲಿ ಹಾಕಿದ.

ಮಲ್ಲಿಕಾರ್ಜುನಸ್ವಾಮಿಯವರು ಎಂದಿನಂತೆ ಶನಿವಾರ ಹೋಗಿ ಬದುವಿನ ಮೇಲೆ ಕೂತರು. ದೊಡ್ಡಮಾದಮ್ಮ ಬಂದಳು. ಶಾಂತರಾಜು ಬರಲಿಲ್ಲ. ಹೊತ್ತು ನೆತ್ತಿಗೆ ಬಂದಿತು, ವೀಳ್ಯದೆಲೆ ಬಾಡಿತು. ಅಷ್ಟು ವರ್ಷಗಳಲ್ಲಿ ಹೇಳಿ ಕಳಿಸಿದರೂ ಒಂದು ಕಡೆಯವರು ಬಾರದೆ ಉಳಿದದ್ದು ಅದೇ ಮೊದಲು. ಕೊಡೆ ಮಡಿಸಿ ಏಳುವಾಗ ಅವರಿಗೆ ಆದದ್ದು ಸಿಟ್ಟಲ್ಲ, ನಾಚಿಕೆ.

ಸಂಜೆ ಶಾಂತರಾಜು ತಾನೇ ಮನೆಗೆ ಬಂದ. ಬೈಕು ದೂರ ನಿಲ್ಲಿಸಿ, ಚಪ್ಪಲಿ ಬಿಟ್ಟು, ವಿನಯದಿಂದಲೇ ನಿಂತ.

"ಸಾರ್, ಅಪ್ಪ ಏನ್ ಕೊಟ್ಟಿದ್ನೋ ನಂಗೊತ್ತಿಲ್ಲ. ಕೊಟ್ಟಿದ್ರೆ ಒಂದು ಚೀಟಿ ಇರ್ಬೇಕಿತ್ತಲ್ಲ. ನೀವೇ ವಕೀಲ್ರು, ನಿಮಗೆ ಗೊತ್ತಿಲ್ದೆ ಇರೋದಾ?"

"ಗೊತ್ತು ಕಣ್ಲಾ. ಅವತ್ತು ಚೀಟಿ ಬೇಕಾಗಿರಲಿಲ್ಲ."

"ಇವತ್ತು ಬೇಕಲ್ಲ ಸಾರ್." ಅವನು ಸ್ವಲ್ಪ ತಡೆದು ಹೇಳಿದ, "ಆಯಮ್ಮ ಕೋರ್ಟಿಗೆ ಓಗ್ಲಿ. ನೀವು ಮಧ್ಯಕ್ಕೆ ಬರ್ಬೇಡಿ. ಮುಂದಿನ ವರ್ಷ ಎಲೆಕ್ಷನ್ನು. ನಿಮಗೆ ನಾನು ಬೇಕು."

"ನೀನೂ ಬೇಕು ಕಣ್ಲಾ. ಆ ದಾರೀನೂ ಬೇಕು."

ಶಾಂತರಾಜು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಅವರನ್ನು ಚುಚ್ಚಿದ್ದು.

ಅದಾದ ಮೇಲೆ ಅವರಿಗೆ ಒಂದು ಹುರುಪು ಬಂತು. ಬೀರು ತೆಗೆದು ಕೋಟು ಹೊರಗೆಳೆದರು. "ಇನ್ನೂ ಹಿಡಿಸ್ತದೆ ನೋಡು" ಎಂದು ಶಿವಲಕ್ಷ್ಮಿಯ ಮುಂದೆ ಗುಂಡಿ ಹಾಕಿ ತೋರಿಸಿದರು. ಮೇಲಿನ ಗುಂಡಿ ಮಾತ್ರ ಹಿಡಿಸಿತು. ಶಿವಲಕ್ಷ್ಮಿ ಕೋಟನ್ನು ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿಸಿ ಕೊಟ್ಟರು. ದೊಡ್ಡಮಾದಮ್ಮನ ಪರ ತಾನೇ ವಾದ ಮಾಡುವುದು, ಓಟು ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡು ಅವರು ಗುಂಡ್ಲುಪೇಟೆಗೆ ಹೋದರು. ಕಾಗದಪತ್ರ ತಯಾರಿಸಲು ವನಿತಾ ಎಂಬ ಹೊಸ ವಕೀಲೆಯ ಸಹಾಯ ಕೇಳಿದರು. ಆ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿಟ್ಟಳು.

"ಸಾರ್, ನೀವು ಈ ಕೇಸು ನಡೆಸೋ ಹಾಗಿಲ್ಲ."

"ಯಾಕಮ್ಮ, ವಕೀಲಿ ಸನ್ನದು ಇನ್ನೂ ಜೀವಂತ ಇದೆ."

"ಸನ್ನದು ಇದೆ. ಆದರೆ ಆ ದಾರಿ ಬಿಡಿಸಿಕೊಟ್ಟಾಗ ಅಲ್ಲಿದ್ದೋರಲ್ಲಿ ನಮ್ಮ ಪರ ಹೇಳೋರು ನೀವೊಬ್ಬರೇ. ಸಾಕ್ಷಿ ಹೇಳೋರು ವಕೀಲರಾಗಿ ನಿಲ್ಲೋಕಾಗಲ್ಲ. ನೀವು ಕಟಕಟೆಗೆ ಬರಬೇಕು. ವಾದ ನಾನು ಮಾಡ್ತೀನಿ."

ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಮಲ್ಲಿಕಾರ್ಜುನಸ್ವಾಮಿಯವರು ಪೆಚ್ಚಾದರು. ಇಸ್ತ್ರಿಯಾದ ಕೋಟು ಮತ್ತೆ ಬೀರುವಿಗೇ ಹೋಯಿತು.

ಕೇಸು ದಾಖಲಾದದ್ದೇ ತಡ, ಸುದ್ದಿ ಊರೂರಿಗೆ ಹಬ್ಬಿತು. ಬದುವಿನ ಮೇಲೆ ಆದ ತೀರ್ಮಾನ ಕೋರ್ಟಿನಲ್ಲಿ ನಿಲ್ಲುತ್ತದೆಯೋ ಇಲ್ಲವೋ ಎನ್ನುವುದು ಈಗ ದೊಡ್ಡಮಾದಮ್ಮ ಒಬ್ಬಳ ಚಿಂತೆಯಾಗಿ ಉಳಿಯಲಿಲ್ಲ. ಒಂದು ಊರಿನಲ್ಲಿ ಯಾರೋ ಗಡಿಕಲ್ಲನ್ನು ಮೆಲ್ಲಗೆ ಒಂದು ಮಾರು ಸರಿಸಿದರು. ಇನ್ನೊಂದು ಊರಿನಲ್ಲಿ, ಬಾವಿಯ ನೀರಿನ ಸರದಿಯನ್ನು ವರ್ಷಾನುಗಟ್ಟಲೆ ಪಾಲಿಸಿದ್ದ ಅಣ್ಣತಮ್ಮಂದಿರು, "ಮೊದ್ಲು ಕೋರ್ಟು ಏನಂತದೋ ನೋಡನ ಬುಡು" ಎಂದು ಮುಖ ತಿರುಗಿಸಿಕೊಂಡರು. ಮಲ್ಲಿಕಾರ್ಜುನಸ್ವಾಮಿಯವರ ಕಿವಿಗೆ ಒಂದೊಂದೇ ಬಿತ್ತು. ಒಂದು ಕಲ್ಲು ಬಿದ್ದರೆ ಎಲ್ಲವೂ ಬೀಳುತ್ತವೆ. ಐದು ಸಲ ಗೆದ್ದು ತಾನು ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ ತೋರಿಸಲು ಅವರ ಬಳಿ ಇದ್ದದ್ದು ಆ ಕಲ್ಲುಗಳು ಮಾತ್ರ. ಊಟ ಸೇರದಾಯಿತು. ಶಿವಲಕ್ಷ್ಮಿಗೆ ರೇಗಿತು.

"ಎಲೆಕ್ಷನ್ ಸೋಲ್ತೀನಿ ಅಂತ ಯೋಚ್ನೆಯಾ?"

"ಅದಲ್ಲ ಕಣೆ. ಅದೊಂದು ಸೋಲಲ್ಲ."

"ಹಂಗಾರೆ ಉಣ್ಣಿ. ಸಾಕ್ಷಿ ಹೇಳಾಕೂ ತಾಕತ್ತು ಬೇಕು."

ಸಾಕ್ಷಿಯ ದಿನ ಕೋರ್ಟಿನ ಅಂಗಳ ತುಂಬಿತ್ತು. ಎಮ್ಮೆಲ್ಲೆ ಕಟಕಟೆ ಹತ್ತುವುದನ್ನು ನೋಡಲು ಕೆಲವರು, ತಮ್ಮ ತಮ್ಮ ಕಲ್ಲಿನ ಗತಿ ತಿಳಿಯಲು ಉಳಿದವರು. ಹೆಸರು ಕೂಗಿದರು. ಮಲ್ಲಿಕಾರ್ಜುನಸ್ವಾಮಿಯವರು ಕಟಕಟೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಜುಬ್ಬದ ತೋಳು ಎಳೆದುಕೊಂಡು ಶುರುಮಾಡಿದರು.

"ಮಾನ್ಯ ಸಭಾಧ್ಯಕ್ಷರೇ..."

ಗುಮಾಸ್ತ ತಲೆಯೆತ್ತಿ ನೋಡಿದ. ಕಿಟಕಿಯ ಹೊರಗೆ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಕನ್ನಡಕ ತೆಗೆದು, "ಇದು ಕೋರ್ಟು ಸ್ವಾಮಿ. ಇಲ್ಲಿ ಸಭಾತ್ಯಾಗ ಮಾಡೋ ಸೌಕರ್ಯ ಇಲ್ಲ" ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಇವರೂ ನಕ್ಕರು. ಆದರೆ ಒಂದು ಕಾಲದಲ್ಲಿ ಇದೇ ಕೋಣೆಯಲ್ಲಿ ತನ್ನ ಮಾತಿಗೆ ಎಲ್ಲರೂ ಕಿವಿಗೊಡುತ್ತಿದ್ದರೆಂಬ ನೆನಪೂ ಜೊತೆಗೇ ಬಂತು.

ವನಿತಾ ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟರು. ಯಾವ ವರ್ಷ, ಯಾರು ಯಾರು ಇದ್ದರು, ದಾರಿ ಎಷ್ಟು ಅಗಲ, ಕಲ್ಲು ಎಲ್ಲಿ. ಆಮೇಲೆ ಎದ್ದವರು ಶಾಂತರಾಜುವಿನ ವಕೀಲ ನಾಗೇಂದ್ರ. ಚಿಕ್ಕಬಸವಯ್ಯನವರ ಕಚೇರಿಯಲ್ಲಿ ಇವರ ಪಕ್ಕದ ಕುರ್ಚಿಯಲ್ಲೇ ಕೂತು ಅರಿಶಿನದ ಧೂಳಿಗೆ ಸೀನಿದ್ದವರು. ಸ್ನೇಹ ಬೇರೆ, ಪಾಟೀಸವಾಲು ಬೇರೆ.

"ಈ ತೀರ್ಮಾನದ ಬಗ್ಗೆ ಒಂದು ಚೀಟಿಯಾದರೂ ಇದೆಯೇ?"

"ಇಲ್ಲ."

"ಯಾವ ಕಾಯ್ದೆಯ ಪ್ರಕಾರ ದಾರಿ ಬಿಡಿಸಿದಿರಿ?"

"ಯಾವ ಕಾಯ್ದೆಯೂ ಇಲ್ಲ."

"ಶಾಸಕರು ಅನ್ನೋ ಅಧಿಕಾರದಿಂದಲೋ?"

"ಅಲ್ಲ. ಇಬ್ಬರೂ ಕರೆದರು, ಹೋದೆ."

"ಅಂದರೆ ಇದು ನೀವು ಹೇಳೋ ಮಾತು, ಅಷ್ಟೇ. ನನ್ನ ಕಕ್ಷಿದಾರರು ಆ ಮಾತು ಸುಳ್ಳು ಅಂತಾರೆ. ಸುಳ್ಳಲ್ಲ ಅನ್ನೋದಕ್ಕೆ ನಿಮ್ಮ ಮಾತು ಬಿಟ್ಟು ಬೇರೆ ಏನಿದೆ?"

ಮಲ್ಲಿಕಾರ್ಜುನಸ್ವಾಮಿಯವರು ಹಿಂದಿನ ಬೆಂಚಿನ ಕಡೆ ನೋಡಿದರು. ಶಾಂತರಾಜು ಅಲ್ಲಿ ಗೋಡೆ ನೋಡುತ್ತ ಕೂತಿದ್ದ. "ಕಲ್ಲಿದ್ದ ಜಾಗದ ಕೆಳಗೆ ಇದ್ದಲು ಇದೆ" ಎಂದರು.

"ಇದ್ದಲು" ಎಂದು ನಾಗೇಂದ್ರ ಆ ಪದವನ್ನೇ ನಿಧಾನವಾಗಿ ಇನ್ನೊಂದು ಸಲ ಹೇಳಿ ಕೂತರು. ಅಂಗಳದಲ್ಲಿದ್ದ ಜನ ಸದ್ದಿಲ್ಲದೆ ಕರಗಿದರು. ತಾನು ವಕೀಲನಾಗಿದ್ದರೆ ಎದುರಿನ ಸಾಕ್ಷಿಯನ್ನು ಹೀಗೇ ಕೆಡವುತ್ತಿದ್ದೆ ಎಂದು ಅವರಿಗೂ ಗೊತ್ತಿತ್ತು.

ಆದರೆ ವನಿತಾ ಬಿಡಲಿಲ್ಲ. ಇದ್ದಲು ಇದೆಯೋ ಇಲ್ಲವೋ ನೋಡಿಯೇ ಬಿಡೋಣವೆಂದು ಕೋರ್ಟಿಗೆ ಅರ್ಜಿ ಹಾಕಿದಳು. ಸ್ಥಳ ನೋಡಿ ವರದಿ ಕೊಡಲು ಕೋರ್ಟು ನೀಲಕಂಠಸ್ವಾಮಿ ಎಂಬ ವಕೀಲರನ್ನು ನೇಮಿಸಿತು. ಸಂಭಾವಿತ ಮನುಷ್ಯ, ಮುಖ ನೋಡಿದರೆ ನಗುತ್ತಾರೋ ಅಳುತ್ತಾರೋ ತಿಳಿಯದು. ಒಂದು ಬೆಳಿಗ್ಗೆ ಎಲ್ಲರೂ ಹಂಗಳದ ಆ ಹೊಲದಲ್ಲಿ ಸೇರಿದರು. ಶುಂಠಿಯ ಮಡಿಗಳ ನಡುವೆ, ಮಲ್ಲಿಕಾರ್ಜುನಸ್ವಾಮಿಯವರು ತೋರಿಸಿದ ಜಾಗದಲ್ಲಿ ಗುದ್ದಲಿ ಬಿತ್ತು.

ಊರೇ ಬಂದಿತ್ತು. ಶಾಂತರಾಜುವಿನ ತಾಯಿ ರಾಚಮ್ಮನೂ ಬೇಲಿಯ ಪಕ್ಕ ನಿಂತಿದ್ದಳು. ಮಗ ಅವಳಿಗೆ ಮನೆಯಲ್ಲೇ ಇರು ಎಂದಿದ್ದ, ಆಕೆ ಕೇಳಿರಲಿಲ್ಲ. ಕೊನೆಗೆ ಅವನು ಮಾಡಿದ ಉಪಾಯವೇನು ಗೊತ್ತೇ? ಇಷ್ಟು ವರ್ಷ ಎಮ್ಮೆಲ್ಲೆಯ ಹಿಂದೆ ತಿರುಗಿ ಕಲಿತ ವಿದ್ಯೆಯನ್ನೇ ಹೂಡಿದ. ಎರಡು ಎಲೆ, ದಪ್ಪ ಅಡಿಕೆ, ಮೇಲೊಂದು ಚಿಟಿಕೆ ಹೊಗೆಸೊಪ್ಪು ಸೇರಿಸಿ ಅವ್ವನ ಬಾಯಿಗೆ ತಾನೇ ಇಟ್ಟ. ರಾಚಮ್ಮ ಎರಡೂ ಕೆನ್ನೆ ಉಬ್ಬಿಸಿಕೊಂಡು ಅಗಿಯುತ್ತ ನಿಂತಳು. ಮಲ್ಲಿಕಾರ್ಜುನಸ್ವಾಮಿಯವರು ಅದನ್ನು ನೋಡಿದರು. ಆ ಕಳವಳದ ನಡುವೆಯೂ ಅವರಿಗೆ ಒಳಗೊಳಗೇ ನಗು ಬಂತು.

ಮೊಣಕಾಲಿನ ಆಳಕ್ಕೆ ಗುದ್ದಲಿಗೆ ಕಪ್ಪು ಹತ್ತಿತು. ನೀಲಕಂಠಸ್ವಾಮಿಯವರು ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕಿದರು. ಇದ್ದಲಿನ ಚೂರುಗಳು, ಒಂದೆರಡಲ್ಲ, ಬೊಗಸೆ ತುಂಬ ಬಂದವು. ದೊಡ್ಡಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ನಾಗೇಂದ್ರ ಒಂದು ಚೂರನ್ನು ಬೆರಳಲ್ಲಿ ಹಿಡಿದು ತಿರುಗಿಸಿದರು. "ಇದಕ್ಕೇನು ವಿಶೇಷ? ಕಾಡಂಚಿನ ಹೊಲ. ಯಾರೋ ಕುರಿ ಕಾಯೋರು ಚಳಿಗೆ ಬೆಂಕಿ ಹಾಕ್ಕೊಂಡಿರ್ತಾರೆ. ಸೌದೆ ಕದ್ದು ಸುಟ್ಟ ಇದ್ದಲು ಇರಬಹುದು. ಎಲ್ಲಿ ಅಗೆದರೂ ಇಂಥ ಕೊಳಕು ಸಿಗುತ್ತೆ. ಹಾಗಂತ ವರದಿಯಲ್ಲಿ ಬರ್ಕೊಳ್ಳಿ" ಎಂದರು.

ನೀಲಕಂಠಸ್ವಾಮಿಯವರು ಬರೆದುಕೊಳ್ಳಲು ಶುರುಮಾಡಿದರು. ಮಲ್ಲಿಕಾರ್ಜುನಸ್ವಾಮಿಯವರು ಗುಂಡಿಯೊಳಕ್ಕೆ ಬಗ್ಗಿ ನೋಡಿದರು. ಇಷ್ಟು ಆಳದಲ್ಲಿ ಕಾದು ಕೂತಿದ್ದ ಇದ್ದಲೂ ಬಾಯಿಲ್ಲದ ವಸ್ತುವೇ. ಅದು ಯಾರ ಒಲೆಯದೆಂದು ಹೇಳುವವರು ಯಾರು?

ಬೇಲಿಯ ಕಡೆಯಿಂದ 'ಥೂ' ಎಂಬ ಸದ್ದು ಕೇಳಿಸಿತು. ರಾಚಮ್ಮ ಬಾಯಲ್ಲಿದ್ದುದನ್ನೆಲ್ಲ ಶುಂಠಿಯ ಮಡಿಗೆ ಉಗುಳಿ ಮುಂದೆ ಬರುತ್ತಿದ್ದಳು.

"ಯಾರಪ್ಪ ಅದು ಕೊಳಕು ಅಂದೋನು?" ಎಂದಳು. "ಕದ್ದ ಸೌದೆ ಸುಡೋ ಮನೆ ಅಲ್ಲ ಕಣಪ್ಪ ನಮ್ದು. ಅದು ನನ್ನೊಲೆ ಇದ್ಲು. ಬಾಣ್ತಿ ನೀರಿಗೆ ಅಂತ ಒಳ್ಳೆ ಜಾಲಿ ಕೊಳ್ಳಿ ಉರ್ಸಿದ್ದೆ. ನಮ್ಮೆಜಮಾನ್ರು ಬಂದು ತಾ ಅಂದ್ರು, ಮೊರದಲ್ಲಿ ತುಂಬ್ಕೊಟ್ಟೆ."

"ಅವ್ವ, ಸುಮ್ಕಿರು" ಎಂದ ಶಾಂತರಾಜು.

"ನೀ ಸುಮ್ಕಿರ್ಲಾ. ಮನೆ ಒಲೇನ ಹಿಂಗಂತಾವ್ರೆ, ಕೇಳ್ಕೊಂಡು ನಿಂತಿದ್ದೀಯ." ನೀಲಕಂಠಸ್ವಾಮಿಯವರ ಕಡೆ ತಿರುಗಿ, "ಬರ್ಕೊಳ್ಳಿ ಸ್ವಾಮಿ. ನಮ್ಮನೆ ಇದ್ಲು ಅಂತ ಬರ್ಕೊಳ್ಳಿ" ಎಂದಳು.

ನೀಲಕಂಠಸ್ವಾಮಿಯವರು ಬರೆದುಕೊಂಡರು. ನಾಗೇಂದ್ರ ಕೈಯಲ್ಲಿದ್ದ ಚೂರನ್ನು ಮೆಲ್ಲಗೆ ಗುಂಡಿಗೆ ಬಿಟ್ಟು ಕೈ ಒರೆಸಿಕೊಂಡರು. ಮಗನ ವಿರುದ್ಧ ಸಾಕ್ಷಿ ಹೇಳಿದೆನೆಂದು ರಾಚಮ್ಮನಿಗೆ ಗೊತ್ತಿತ್ತೋ ಇಲ್ಲವೋ ಹೇಳಲಾಗದು. ಮನೆಯ ಮರ್ಯಾದೆ ಉಳಿಸಿದೆನೆಂಬ ಸಮಾಧಾನದಲ್ಲಿ ಅವಳು ದೊಡ್ಡಮಾದಮ್ಮನ ಪಕ್ಕದಲ್ಲೇ ಹೋಗಿ ನಿಂತಳು. ಕೇಸು ಹಾಕಿದ ಮೇಲೆ ಆ ಇಬ್ಬರು ಹೆಂಗಸರು ಮಾತಾಡಿದ್ದು ಅಂದೇ.

ತೀರ್ಪು ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಬಂತು. ದಾರಿ ಬಿಟ್ಟುಕೊಟ್ಟಿದ್ದು ನಿಜ, ಬೇಲಿ ತೆಗೆಯಬೇಕು. ಕಾನೂನು ಬಲ್ಲ ಶಾಸಕರು ಇಂಥ ತೀರ್ಮಾನಗಳನ್ನು ಬರೆದಿಡದೆ ಹೋದದ್ದು ಸರಿಯಲ್ಲ ಎಂದು ನ್ಯಾಯಾಧೀಶರು ಒಂದು ಸಾಲು ಗದರಿಯೂ ಇದ್ದರು. ಆ ಸಾಲನ್ನು ಶಿವಲಕ್ಷ್ಮಿ ವನಿತಾಳ ಕೈಲಿ ಇನ್ನೊಂದು ಸಲ ಓದಿಸಿಕೊಂಡರು. ಸರಿಸಿದ ಕಲ್ಲುಗಳು ಯಾರೂ ಹೇಳದೆಯೇ ತಮ್ಮ ಜಾಗಕ್ಕೆ ಮರಳಿದವು. ದೊಡ್ಡಮಾದಮ್ಮನ ಗಾಡಿ ಶುಂಠಿಯ ಪಕ್ಕದಲ್ಲೇ ಓಡಾಡಿತು.

ಚುನಾವಣೆಯೂ ಅದರ ಬೆನ್ನಿಗೇ ಬಂತು. ಶಾಂತರಾಜು ಎದುರು ಅಭ್ಯರ್ಥಿಯ ಬ್ಯಾನರು ಕಟ್ಟಿದ. ಅವನು ಕೆಲಸಗಾರ, ಯಾರ ಪರ ನಿಂತರೂ ಚೆನ್ನಾಗಿಯೇ ಮಾಡುತ್ತಾನೆ. ಎಣಿಕೆಯ ದಿನ ಮಧ್ಯಾಹ್ನದವರೆಗೆ ಮುಂದಿದ್ದ ಮಲ್ಲಿಕಾರ್ಜುನಸ್ವಾಮಿಯವರು, ಹಂಗಳದ ಕಡೆಯ ಪೆಟ್ಟಿಗೆಗಳು ತೆರೆದ ಮೇಲೆ ಹಿಂದೆ ಬಿದ್ದು, ಸೋತರು. ಗೆದ್ದವರ ಕೈ ಕುಲುಕಿ ಮನೆಗೆ ಬಂದು, ಮುಖ ತೊಳೆದು, ಮುದ್ದೆ ಉಂಡು ಮಲಗಿದವರಿಗೆ ಒಳ್ಳೆಯ ನಿದ್ದೆ ಹತ್ತಿತು. ತನಗೆ ಇಷ್ಟು ಒಳ್ಳೆಯ ನಿದ್ದೆ ಬಂತಲ್ಲ ಎಂದು ಬೆಳಿಗ್ಗೆ ಎದ್ದು ಅವರಿಗೇ ಆಶ್ಚರ್ಯ.

ಜಗಲಿ ಖಾಲಿಯಾಗಿತ್ತು. "ಎಷ್ಟೋ ವರ್ಷದ ಮೇಲೆ ಹಾಲು ಉಳೀತು" ಎಂದರು ಶಿವಲಕ್ಷ್ಮಿ. ಆ ಮಾತಿನಲ್ಲಿ ಸಂತೋಷ ಎಷ್ಟು, ಬೇಸರ ಎಷ್ಟು ಎಂದು ಅವರು ವಿಚಾರಿಸಲು ಹೋಗಲಿಲ್ಲ. ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಸಿದರು. ಕೋಟಿನ ಹೊಲಿಗೆ ಬಿಡಿಸಿ ಅಗಲ ಮಾಡಿಸಿದರು. ವಾರಕ್ಕೆ ಎರಡು ದಿನ ಕೋರ್ಟಿಗೆ ಹೋಗಿ ವನಿತಾಳ ಪಕ್ಕ ಕೂತು ಬರುತ್ತಿದ್ದರು. ಜನ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದರು, ಆದರೆ ಕರೆಯುತ್ತಿರಲಿಲ್ಲ. ಶನಿವಾರಗಳು ಉದ್ದವೆನಿಸುತ್ತಿದ್ದವು. ದಾರಿ ಉಳಿಯಿತು, ಕಲ್ಲು ಉಳಿದವು, ಅದು ಕೋರ್ಟು ಉಳಿಸಿಕೊಟ್ಟದ್ದು. ಕೋರ್ಟಿನ ಮೊಹರು ಇಲ್ಲದೆ ತನ್ನ ಮಾತನ್ನು ಇನ್ನು ಮುಂದೆ ಯಾರಾದರೂ ಕೇಳುತ್ತಾರೆಯೇ? ಈ ಒಂದು ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಹೆಂಡತಿಗೂ ಹೇಳಿಕೊಂಡಿರಲಿಲ್ಲ.

ಅವರೆಕಾಯಿಯ ಕಾಲ. ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತು ಅವರು ಶಿವಲಕ್ಷ್ಮಿಗೆ ಕಾಯಿ ಸುಲಿದುಕೊಡುತ್ತಿದ್ದಾಗ ಶಾಂತರಾಜು ಬಂದ. ಬೈಕನ್ನು ಬಾಗಿಲ ಬಳಿಯೇ ನಿಲ್ಲಿಸಿದ. ಕೂರು ಎಂದರೂ ಕೂರದೆ, ಕಂಬ ಹಿಡಿದು ನಿಂತ.

"ಓಟು ನಿಮಗೆ ಹಾಕ್ಲಿಲ್ಲ ಸಾರ್" ಎಂದ.

"ಗೊತ್ತು ಕಣ್ಲಾ. ಹಾಕಿಸ್ಲೂ ಇಲ್ಲ. ಏನ್ ಸಮಾಚಾರ ಹೇಳು."

"ನನ್ ತಮ್ಮ ಪಾಲು ಕೇಳ್ತಾವ್ನೆ. ನಾಗಯ್ಯ. ಎಲ್ಡು ತಿಂಗ್ಳಿಂದ ಮನೇಲಿ ಮಾತಿಲ್ಲ ಕತೆಯಿಲ್ಲ. ಅವ್ವ ಇಬ್ರಿಗೂ ಒಂದೊಂದೊತ್ತು ಅನ್ನ ಇಕ್ಕಿ ಅಳ್ತಾಳೆ. ಬಾವಿ ನಂಗೆ ಬೇಕು ಅಂತಾನೆ, ನಂಗೂ ಬೇಕು. ಕೋರ್ಟಿಗೆ ಓಗನ ಅಂದೆ. ಬ್ಯಾಡ ಅಂದ."

"ಮತ್ತೇನಂತೆ?"

ಶಾಂತರಾಜು ಕಂಬದ ಬಣ್ಣವನ್ನು ಉಗುರಲ್ಲಿ ಕೆರೆದ. "ನೀವು ಬಂದು ಬದುವಿನ ಮೇಲೆ ಕುಂತು ಏನ್ ಹೇಳಿದ್ರೂ ಒಪ್ಪತೀನಿ ಅಂತಾನೆ."

"ಅವನು ಅಂತಾನೆ. ನೀನೇನಂತೀಯ? ಕೋರ್ಟಲ್ಲಿ ನನ್ನ ಮಾತು ಸುಳ್ಳು ಅನ್ಸಿದೋನು ನೀನು."

"ಊಂ ಸಾರ್. ಅನ್ಸಿದ್ದೆ." ಅವನು ತಲೆ ಎತ್ತಿದ. "ಸುಳ್ಳಲ್ಲ ಅಂತ ಅವತ್ತೂ ಗೊತ್ತಿತ್ತು. ಅದ್ಕೇ ಬಂದೆ."

ಮಲ್ಲಿಕಾರ್ಜುನಸ್ವಾಮಿಯವರು ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದರು. ಮೊರವನ್ನು ಪಕ್ಕಕ್ಕೆ ಸರಿಸಿದರು.

"ನಾನೀಗ ಎಮ್ಮೆಲ್ಲೆ ಅಲ್ಲ ಕಣ್ಲಾ, ಶಾಂತರಾಜು."

"ಎಮ್ಮೆಲ್ಲೆ ಬೇಕಾಗಿದ್ರೆ ಗೆದ್ದೋರ ಮನೇಗೇ ಓಗ್ತಿದ್ದೆ ಸಾರ್."

ಐದು ಸಲ ಹಾರ ಹಾಕಿಸಿಕೊಂಡು ಮೆರವಣಿಗೆಯಲ್ಲಿ ಬಂದ ಮನುಷ್ಯ ಅವರು. ಆ ಐದು ಸಲವೂ ಆಗದಷ್ಟು ಸಂತೋಷ ಅವರಿಗೆ ಆಗ ಆಯಿತು. ಒಳಗಿನಿಂದ ಶಿವಲಕ್ಷ್ಮಿ ಇಣುಕಿ ನೋಡಿದರು, ಗಂಡನ ಮುಖ ನೋಡಿ ಕಾಫಿಗೆ ನೀರಿಡಲು ಹೋದರು.

"ಯಾವತ್ತು ಬರ್ಲಿ ಹೇಳು" ಎಂದರು ಮಲ್ಲಿಕಾರ್ಜುನಸ್ವಾಮಿಯವರು.